ಹೆಸರಿನ ಗುತ್ತಿಗೆ

1999ನೆಯ ಇಸವಿಯ ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ. ಮೈಕ್ರೋಸಾಫ್ಟ್ ಕಂಪೆನಿ ನಡೆಸುತ್ತಿದ್ದ ‘ಹಾಟ್‌ಮೇಲ್’ ಎಂಬ ಮಿಂಚಂಚೆಯ ಬಾಗಿಲು ಬಹು ಮಂದಿಗೆ ತೆರೆಯದೆ ಹೋಯಿತು. ಯಂತ್ರಗಳು ಕೆಟ್ಟಿರಲಿಲ್ಲ. ಶತ್ರುಗಳಾರೂ ದಾಳಿ ಮಾಡಿರಲಿಲ್ಲ. ಬಾಗಿಲಿನ ಕಾವಲಿಗೆಂದು ಕಂಪೆನಿ ಬಳಸುತ್ತಿದ್ದ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಎಂಬ ಹೆಸರಿನ ಅವಧಿ ತೀರಿತ್ತು; ಅದನ್ನು ಮುಂದುವರಿಸಲು ಕಟ್ಟಬೇಕಾಗಿದ್ದ 35 ಡಾಲರುಗಳನ್ನು ಕಟ್ಟುವುದನ್ನು ಜಗತ್ತಿನ ಅತ್ಯಂತ ಶ್ರೀಮಂತ ಕಂಪೆನಿಗಳಲ್ಲೊಂದು ಮರೆತುಬಿಟ್ಟಿತ್ತು. ಕೊನೆಗೆ ಮೈಕೇಲ್ ಚೇನಿ ಎಂಬ ಅಮೆರಿಕನ್ ಪ್ರೋಗ್ರಾಮರ್ ಒಬ್ಬರು, ಕಂಪೆನಿಗೂ ತಮಗೂ ಯಾವ ಸಂಬಂಧವಿಲ್ಲದಿದ್ದರೂ, ತಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಿಂದ ಆ 35 ಡಾಲರುಗಳನ್ನು ಕಟ್ಟಿದರು. ಅಂಚೆ ಮತ್ತೆ ಓಡತೊಡಗಿತು. ಕಂಪೆನಿ ಕೃತಜ್ಞತೆಯಿಂದ ಅವರಿಗೆ 500 ಡಾಲರುಗಳ ಚೆಕ್ಕು ಕಳುಹಿಸಿತು.

ದೊಡ್ಡವರ ಮನೆಯ ಮರೆವು ಹೀಗೆ ನಗೆಯಲ್ಲಿ ಮುಗಿಯಬಹುದು. ಸಾಮಾನ್ಯ ಸಂಸಾರಗಳಲ್ಲಿ ಅದು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ತಮ್ಮದೇ ಹೆಸರಿನ ಜಾಲತಾಣವೊಂದಿರಲಿ ಎಂದು ಬಯಸುವವರು ನಮ್ಮ ಊರುಗಳಲ್ಲಿಯೂ ಹೆಚ್ಚುತ್ತಿದ್ದಾರೆ. ಕಥೆ ಬರೆಯುವವರು, ಸಂಗೀತ ಹೇಳಿಕೊಡುವವರು, ನಿವೃತ್ತರಾದ ಅಧ್ಯಾಪಕರು, ಮನೆಯಲ್ಲೇ ಉಪ್ಪಿನಕಾಯಿ ಹಪ್ಪಳ ಮಾಡಿ ಮಾರುವ ಗೃಹಿಣಿಯರು, ಎಲ್ಲರಿಗೂ ಆಸೆಯುಂಟು. ಆಸೆ ಯೋಗ್ಯವೂ ಆಗಿದೆ. ಆದರೆ ಇವರಲ್ಲಿ ಬಹು ಮಂದಿ ತಾಣದ ಬಣ್ಣ, ಚಿತ್ರ, ಅಲಂಕಾರಗಳ ಮೇಲೆ ತಿಂಗಳುಗಟ್ಟಲೆ ಯೋಚಿಸಿ, ಹೆಸರನ್ನು ಯಾರು ಯಾವ ಷರತ್ತಿನ ಮೇಲೆ ಬರೆಸಿದರೆಂಬುದನ್ನು ಒಂದು ಗಳಿಗೆಯೂ ಯೋಚಿಸುವುದಿಲ್ಲ. ಗೋಡೆಗೆ ಸುಣ್ಣ ಹೊಡೆಸುವ ಸಂಭ್ರಮದಲ್ಲಿ ನಿವೇಶನದ ಪತ್ರವನ್ನು ನೋಡದಿರುವಂತೆ!

ಈ ಹೆಸರು ಎಂದರೇನು? ಜಾಲಕ್ಕೆ ಸೇರಿದ ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ಹಳೆಯ ಪದ್ಧತಿಯ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳು. ಒಂದೊಂದೂ 0ಯಿಂದ 255ರ ವರೆಗೆ ಏನಾದರೂ ಇರಬಹುದು. ಮನುಷ್ಯರಿಗೆ ಇಂಥ ಸಂಖ್ಯೆ ನೆನಪಿರುವುದಿಲ್ಲ. ಆದುದರಿಂದ ಸಂಖ್ಯೆಗೊಂದು ಹೆಸರನ್ನು ಅಂಟಿಸುವ ಏರ್ಪಾಡು ಬಂತು. ಅದೇ ಡೊಮೇನ್ ಹೆಸರು.

ಮೊದಮೊದಲು ಈ ಪಟ್ಟಿ ಒಂದೇ ಕಛೇರಿಯಲ್ಲಿತ್ತು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಎಂಬ ಮಹಿಳೆಯ ನೇತೃತ್ವದ ತಂಡ ಅದನ್ನು ಕಾಪಾಡುತ್ತಿತ್ತು. ಹೊಸ ಯಂತ್ರಕ್ಕೆ ಹೆಸರು ಬೇಕಾದವರು ಅಲ್ಲಿಗೆ, ಅದೂ ಕಛೇರಿಯ ವೇಳೆಯಲ್ಲಿ, ತಿಳಿಸಬೇಕು. ಅವರು ಪಟ್ಟಿಯಲ್ಲಿ ಬರೆದುಕೊಳ್ಳುವರು. ಉಳಿದವರೆಲ್ಲ ಆ ಪಟ್ಟಿಯ ಪ್ರತಿಯನ್ನು ತರಿಸಿಕೊಳ್ಳುವರು. ಜಾಲ ಬೆಳೆದಂತೆ ಈ ಒಂದು ಪುಸ್ತಕ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಪಟ್ಟಿಯನ್ನು ಹಲವು ಕೈಗಳಿಗೆ ಹಂಚುವ ಉಪಾಯವನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವುದು ಅದೇ. ‘ಡಾಟ್ ಕಾಮ್’ ಎಂದು ಕೊನೆಗೊಳ್ಳುವ ಹೆಸರುಗಳಲ್ಲಿ ಮೊದಲನೆಯದು 1985ರ ಮಾರ್ಚ್ 15ರಂದು ದಾಖಲಾಯಿತು. ಪಡೆದುಕೊಂಡದ್ದು ಸಿಂಬಾಲಿಕ್ಸ್ ಎಂಬ ಅಮೆರಿಕಾದ ಗಣಕಯಂತ್ರ ಕಂಪೆನಿ. ಆಗ ಹೆಸರಿಗೆ ಕಾಸು ಕೊಡಬೇಕಾಗಿರಲಿಲ್ಲ. 1995ರಲ್ಲಿ ಎರಡು ವರ್ಷಕ್ಕೆ 100 ಡಾಲರುಗಳ ಶುಲ್ಕ ಬಂತು. ಅಂದಿನಿಂದ ಹೆಸರು ವ್ಯಾಪಾರದ ಸರಕಾಯಿತು.

ಯಾರಾದರೂ ತಮ್ಮ ಫೋನಿನಲ್ಲಿ ಒಂದು ಹೆಸರನ್ನು ಬರೆದ ಕೂಡಲೆ ತೆರೆಯ ಹಿಂದೆ ಒಂದು ವಿಚಾರಣೆ ನಡೆಯುತ್ತದೆ. ಮೊದಲು ಬೇರಿನ ಸರ್ವರುಗಳೆಂಬ ಮೂಲಸ್ಥಾನದಲ್ಲಿ ಪ್ರಶ್ನೆ: ‘ಡಾಟ್ ಇನ್ ಎಂಬ ಕೊನೆಯುಳ್ಳ ಹೆಸರುಗಳ ಪಟ್ಟಿ ಯಾರಲ್ಲಿದೆ?’ ಅವರು ತೋರಿಸಿದ ಕಡೆಗೆ ಹೋಗಿ ಎರಡನೆಯ ಪ್ರಶ್ನೆ: ‘ಈ ಹೆಸರಿನ ವಿವರ ಯಾವ ಯಂತ್ರದಲ್ಲಿದೆ?’ ಅಲ್ಲಿಂದ ಮೂರನೆಯ ಕಡೆಗೆ. ಅಲ್ಲಿ ಸಂಖ್ಯೆ ಸಿಗುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ. ಓದುಗರು ಗಮನಿಸಬೇಕಾದದ್ದು ಎರಡನೆಯ ಹೆಜ್ಜೆಯನ್ನು. ಆ ಪಟ್ಟಿಯಿಂದ ಹೆಸರು ಬಿದ್ದುಹೋಯಿತೆಂದರೆ ತಾಣದ ಬರಹ, ಚಿತ್ರಗಳೆಲ್ಲ ತಮ್ಮ ಯಂತ್ರದಲ್ಲಿ ಸುರಕ್ಷಿತವಾಗಿದ್ದರೂ ಪ್ರಯೋಜನವಿಲ್ಲ. ಮನೆ ಇದೆ, ಹೋಗಲು ದಾರಿಯಿಲ್ಲ.

ಆ ಪಟ್ಟಿಯಲ್ಲಿ ಹೆಸರು ಉಳಿಯುವುದು ಹಣ ಕಟ್ಟಿದ ಅವಧಿಗೆ ಮಾತ್ರ. ‘ಡೊಮೇನ್ ಕೊಂಡುಕೊಂಡೆ’ ಎಂದು ಜನ ಹೇಳುವುದುಂಟು. ಅಂಗಡಿಯವರ ಜಾಹೀರಾತುಗಳೂ ಹಾಗೆಯೇ ಹೇಳುತ್ತವೆ. ಆದರೆ ಇದು ಕ್ರಯಪತ್ರವಲ್ಲ, ಗುತ್ತಿಗೆಯ ಕರಾರು. ಒಂದು ವರ್ಷಕ್ಕೆ ತೆಗೆದುಕೊಳ್ಳಬಹುದು, ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ತೆಗೆದುಕೊಳ್ಳಬಹುದು. ಶಾಶ್ವತವಾಗಿ ಮಾರುವವರು ಯಾರೂ ಇಲ್ಲ.

‘ಡಾಟ್ ಇನ್’ ಎಂಬುದು ನಮ್ಮ ದೇಶದ ಗುರುತು. ಅದರ ಮೂಲ ದಫ್ತರ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಎಂಬ ಸಂಸ್ಥೆಯ ವಶದಲ್ಲಿದೆ. 2005ಕ್ಕೆ ಮುಂಚೆ ನಿಯಮಗಳು ಬಿಗಿಯಾಗಿದ್ದುವು; ಆ ವರ್ಷ ಬಾಗಿಲು ತೆರೆದ ಮೇಲೆ ಸಾಮಾನ್ಯರಿಗೂ ಹೆಸರು ಸುಲಭವಾಗಿ ದೊರೆಯತೊಡಗಿತು. ಸಂಸ್ಥೆ ನೇರವಾಗಿ ಗಿರಾಕಿಗಳೊಡನೆ ವ್ಯವಹರಿಸುವುದಿಲ್ಲ. ನಡುವೆ ‘ರಿಜಿಸ್ಟ್ರಾರ್’ ಎಂಬ ಅಧಿಕೃತ ವ್ಯಾಪಾರಿಗಳಿದ್ದಾರೆ. ಸಬ್‌ರಿಜಿಸ್ಟ್ರಾರ್ ಕಛೇರಿಯ ಹೆಸರು ಕೇಳಿ ಅರ್ಧ ದಿನದ ರಜೆ ಹಾಕಬೇಕೇನೋ ಎಂದು ಯಾರೂ ಹೆದರಬೇಕಾಗಿಲ್ಲ. ಈ ರಿಜಿಸ್ಟ್ರಾರರ ತಾಣದಲ್ಲಿ ಬೇಕಾದ ಹೆಸರನ್ನು ಬರೆದು ಹುಡುಕಿದರೆ, ಅದು ಖಾಲಿಯಿದೆಯೆ ಇಲ್ಲವೆ ಎಂಬುದು ಕೂಡಲೆ ತಿಳಿಯುತ್ತದೆ. ಖಾಲಿಯಿದ್ದರೆ ಹಣ ಕಟ್ಟಿ ಹತ್ತು ನಿಮಿಷದಲ್ಲಿ ಪಡೆಯಬಹುದು.

ಇಂಥ ಹುಡುಕಾಟದಲ್ಲಿ ವಿಚಿತ್ರಗಳೂ ನಡೆದಿವೆ. 2015ರ ಸೆಪ್ಟೆಂಬರಿನಲ್ಲಿ ಸನ್ಮಯ್ ವೇದ್ ಎಂಬ ಗುಜರಾತಿ ಯುವಕರು, ಅಮೆರಿಕಾದಲ್ಲಿ ಓದುತ್ತಿದ್ದವರು, ಕುತೂಹಲಕ್ಕೆಂದು ಹುಡುಕಿದಾಗ ‘ಗೂಗಲ್ ಡಾಟ್ ಕಾಮ್’ ಎಂಬ ಹೆಸರೇ ಮಾರಾಟಕ್ಕಿದೆಯೆಂದು ಕಂಡಿತು! ಅವರು 12 ಡಾಲರ್ ಕಟ್ಟಿದರು. ಸುಮಾರು ಒಂದು ನಿಮಿಷ ಹೆಸರು ಅವರದಾಗಿತ್ತು. ಅಷ್ಟರಲ್ಲಿ ಕಂಪೆನಿ ಎಚ್ಚತ್ತು ವ್ಯವಹಾರವನ್ನು ರದ್ದು ಮಾಡಿತು. ಕೊಟ್ಟ ಬಹುಮಾನ 6,006 ಡಾಲರು 13 ಸೆಂಟು. ಆ ಅಂಕಿಗಳನ್ನು ಇಂಗ್ಲಿಷ್ ಅಕ್ಷರಗಳೆಂದು ಓದಿದರೆ ‘ಗೂಗಲ್’ ಎಂದಾಗುತ್ತದಂತೆ. ಯುವಕರು ಆ ಹಣವನ್ನು ದಾನಕ್ಕೆ ಕೊಡುವೆನೆಂದಾಗ ಕಂಪೆನಿ ಅದನ್ನು ಇಮ್ಮಡಿಸಿತು.

ಹೆಸರನ್ನು ಆರಿಸುವಾಗ ಹೆಚ್ಚು ಪಾಂಡಿತ್ಯ ಬೇಡ. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ನಡುವೆ ಅಡ್ಡಗೆರೆ, ಇಷ್ಟಕ್ಕೆ ಅವಕಾಶ. ಉದ್ದ 63 ಅಕ್ಷರಗಳನ್ನು ಮೀರಬಾರದು. ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿದ್ದರೆ ಅದೇ ಒಳ್ಳೆಯ ಹೆಸರು. ‘ಲಕ್ಷ್ಮೀ’ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೆಂದು ಮನೆಯವರೆಲ್ಲ ಒಂದು ಸಂಜೆ ಕುಳಿತು ಎಣಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ. ಕನ್ನಡ ಲಿಪಿಯಲ್ಲೇ ಹೆಸರು ಬೇಕೆನ್ನುವವರಿಗೆ ‘ಡಾಟ್ ಭಾರತ’ ಎಂಬ ಕೊನೆಯುಳ್ಳ ಹೆಸರುಗಳೂ ಉಂಟು. ಯಂತ್ರ ಅದನ್ನು ಒಳಗೊಳಗೆ ‘ಎಕ್ಸ್ ಎನ್’ ಎಂದು ಮೊದಲಾಗುವ ಒಂದು ಇಂಗ್ಲಿಷ್ ಸಾಲಾಗಿ ಮಾರ್ಪಡಿಸಿಕೊಂಡು ಕೆಲಸ ಮಾಡುತ್ತದೆ. ನೋಡುವುದಕ್ಕೆ ಇಂಪಾದದ್ದೇ, ಆದರೆ ಅಂಥ ಹೆಸರಿನ ಮಿಂಚಂಚೆಯನ್ನು ಇನ್ನೂ ಎಲ್ಲ ವ್ಯವಸ್ಥೆಗಳೂ ಸ್ವೀಕರಿಸುವುದಿಲ್ಲವಾದ್ದರಿಂದ, ಜೊತೆಗೊಂದು ಇಂಗ್ಲಿಷ್ ಲಿಪಿಯ ಹೆಸರನ್ನೂ ಇಟ್ಟುಕೊಳ್ಳುವುದು ಜಾಣತನ.

ಮೊದಲ ವರ್ಷದ ಬೆಲೆಯನ್ನು ನೋಡಿ ಯಾರೂ ಮರುಳಾಗಬಾರದು. ಮದುವೆಯ ಮನೆಯ ಮೊದಲ ದಿನದ ಉಪಚಾರದಂತೆ ಅದು ಬಹಳ ಅಗ್ಗವಾಗಿರುತ್ತದೆ. ಎರಡನೆಯ ವರ್ಷದಿಂದ ನಿಜವಾದ ದರ. ನೋಡಬೇಕಾದದ್ದು ನವೀಕರಣದ ಬೆಲೆಯನ್ನು. ಹಾಗೆಯೇ, ‘ಡಾಟ್ ಕಾಮ್’ ಮೊದಲಾದ ಹೆಸರುಗಳಿಗೆ ಅರ್ಜಿಯಲ್ಲಿ ಕೊಟ್ಟ ಮಿಂಚಂಚೆಯ ವಿಳಾಸ ಸರಿಯಾದದ್ದೆಂದು ಹದಿನೈದು ದಿನಗಳೊಳಗೆ ದೃಢಪಡಿಸಬೇಕು. ಇಲ್ಲದಿದ್ದರೆ ಹೆಸರನ್ನು ತಡೆಹಿಡಿಯುತ್ತಾರೆ. ಹಣ ಕಟ್ಟಿಯಾಯಿತಲ್ಲ ಎಂದು ಆ ಕಾಗದವನ್ನು ಓದದೆ ಅಳಿಸಿದವರುಂಟು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು: ಅರ್ಜಿಯಲ್ಲಿ ಒಡೆಯನೆಂದು ಯಾರ ಹೆಸರಿದೆ?

ಒಬ್ಬ ನಿವೃತ್ತ ಅಧ್ಯಾಪಕರೆಂದಿಟ್ಟುಕೊಳ್ಳಿ. ಮೈಸೂರಿನ ಸರಸ್ವತೀಪುರದಲ್ಲಿ ಮನೆ. ನಲವತ್ತು ವರ್ಷ ಬರೆದ ಪ್ರಬಂಧಗಳು, ಊರೂರು ಸುತ್ತಿ ಬರೆದುಕೊಂಡ ಗಾದೆಗಳು, ಪತ್ನಿ ಬರೆದಿಟ್ಟ ಅಡಿಗೆಯ ಕ್ರಮಗಳು, ಎಲ್ಲವನ್ನೂ ಜಾಲತಾಣದಲ್ಲಿಡಬೇಕೆಂದು ಆಸೆ. ಅವರದೇ ಹಳೆಯ ಶಿಷ್ಯ, ಪಕ್ಕದ ಬೀದಿಯ ಹುಡುಗ, ಉತ್ಸಾಹದಿಂದ ಮುಂದೆ ಬರುತ್ತಾನೆ.

“ಮೇಷ್ಟ್ರೇ, ನಿಮಗೆ ಇದರ ತಾಪತ್ರಯ ಏಕೆ? ಎಲ್ಲ ನನ್ನ ಖಾತೆಯಲ್ಲೇ ಮಾಡಿಬಿಡುತ್ತೇನೆ.”

“ಆಗಲಪ್ಪ, ನಿನಗೆ ತಿಳಿದ ಹಾಗೆ ಮಾಡು.”

ಹುಡುಗ ಒಳ್ಳೆಯವನು. ಕೆಲಸವನ್ನೂ ಒಪ್ಪವಾಗಿ ಮಾಡುತ್ತಾನೆ. ಎರಡು ವರ್ಷಗಳ ತರುವಾಯ ಅವನಿಗೆ ಪುಣೆಯಲ್ಲಿ ಉದ್ಯೋಗ ದೊರೆಯುತ್ತದೆ. ಹಳೆಯ ಕಂಪೆನಿಯ ಮಿಂಚಂಚೆಯ ವಿಳಾಸ ಮುಚ್ಚಿಹೋಗುತ್ತದೆ. ಹೆಸರಿನ ಅವಧಿ ಮುಗಿಯುತ್ತಿದೆಯೆಂಬ ಎಚ್ಚರಿಕೆಯ ಪತ್ರಗಳು ಆ ಮುಚ್ಚಿದ ಪೆಟ್ಟಿಗೆಗೇ ಬರುತ್ತಿರುತ್ತವೆ. ಮೇಷ್ಟ್ರಿಗೆ ಒಂದು ಬೆಳಿಗ್ಗೆ ತಾಣ ತೆರೆಯುವುದಿಲ್ಲ. ರಿಜಿಸ್ಟ್ರಾರರನ್ನು ಕೇಳಿದರೆ, ‘ತಾವು ನಮ್ಮ ಗಿರಾಕಿಯಲ್ಲ’ ಎಂದು ಉತ್ತರ. ಅದು ಸತ್ಯವೂ ಹೌದು. ಕೆಲವು ತಿಂಗಳುಗಳಲ್ಲಿ ಆ ಹೆಸರನ್ನು ಬೇರೆ ಯಾರೋ ಹಿಡಿಯುತ್ತಾರೆ. ಹಳೆಯ ತಾಣಗಳಿಗೆ ದಾರಿ ತಿಳಿದ ಜನ ಬರುತ್ತಲೇ ಇರುತ್ತಾರಾದ್ದರಿಂದ, ಬಿದ್ದುಹೋದ ಹೆಸರುಗಳನ್ನು ಹೆಕ್ಕಿ ಜೂಜಿನ ಜಾಹೀರಾತು ಹಾಕುವುದೇ ಕೆಲವರ ಕಸುಬು. ಬೆಂಗಳೂರಿನಲ್ಲಿರುವ ಮೊಮ್ಮಗಳು ತಾತನ ಹೆಸರನ್ನು ಬರೆದು ಒತ್ತಿದರೆ ಪರದೆಯ ಮೇಲೆ ಬರುವುದು ಇಸ್ಪೀಟಿನ ಎಲೆಗಳು!

ಇದರಲ್ಲಿ ಮೋಸಗಾರರು ಯಾರೂ ಇಲ್ಲವೆಂಬುದೇ ದುಃಖದ ಸಂಗತಿ. ಮೇಷ್ಟ್ರ ಹೆಸರಿನಲ್ಲಿ, ಮೇಷ್ಟ್ರದೇ ಮಿಂಚಂಚೆಯ ವಿಳಾಸದಿಂದ ಖಾತೆ ತೆರೆದು, ಕೆಲಸವನ್ನು ಮಾತ್ರ ಹುಡುಗನಿಗೆ ಒಪ್ಪಿಸಿದ್ದರೆ ಇದು ಇಷ್ಟು ಸುಲಭವಾಗಿ ಕೈತಪ್ಪುತ್ತಿರಲಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಆ ಮಿಂಚಂಚೆಯ ವಿಳಾಸ, ಬರೆಸುತ್ತಿರುವ ಡೊಮೇನ್ ಹೆಸರಿನದೇ ಆಗಿರಬಾರದು. ಹೆಸರು ಬಿದ್ದುಹೋದ ದಿನ ಆ ಅಂಚೆಯೂ ನಿಂತುಹೋಗುತ್ತದೆ; ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ.

ತಮ್ಮ ಹೆಸರನ್ನು ಇನ್ನೊಬ್ಬರು ಹಿಡಿದುಕೊಂಡರೆ ನ್ಯಾಯವಿಲ್ಲವೆ ಎಂದು ಓದುಗರು ಕೇಳಬಹುದು. ಉಂಟು, ಆದರೆ ದೂರ. ಈ ವಿಷಯದಲ್ಲಿ ಭಾರತದ ಮುಖ್ಯ ತೀರ್ಪು ಹೊರಟದ್ದು ಬೆಂಗಳೂರಿನಲ್ಲಿ ಮೊದಲಾದ ವ್ಯಾಜ್ಯದಿಂದಲೇ. ಸತ್ಯಂ ಇನ್ಫೋವೇ ಎಂಬ ಕಂಪೆನಿ 1999ರಲ್ಲಿ ‘ಸಿಫಿ’ ಎಂಬ ಪದವನ್ನು ಹುಟ್ಟಿಸಿ, ‘ಸಿಫಿನೆಟ್’ ಮೊದಲಾದ ಹೆಸರುಗಳನ್ನು ಬರೆಸಿಕೊಂಡಿತ್ತು. 2001ರಲ್ಲಿ ಇನ್ನೊಂದು ಕಂಪೆನಿ ನಡುವೆ ಒಂದು ಅಕ್ಷರ ಹೆಚ್ಚಿಸಿ ‘ಸಿಫ್ಫಿನೆಟ್’ ಎಂದು ಬರೆಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಮೊದಲನೆಯವರ ಪರವಾಗಿ ತಡೆಯಾಜ್ಞೆ ಕೊಟ್ಟಿತು; ಕರ್ನಾಟಕದ ಹೈಕೋರ್ಟು ಅದನ್ನು ತಿರುಗಿಸಿತು; 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಸಿವಿಲ್ ನ್ಯಾಯಾಲಯದ ಆಜ್ಞೆಯನ್ನೇ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಅದಕ್ಕೆ ಕಾನೂನಿನ ರಕ್ಷಣೆಯುಂಟು ಎಂದು ಅಲ್ಲಿ ನಿರ್ಣಯವಾಯಿತು. ವ್ಯಕ್ತಿಯ ಹೆಸರಿಗೂ ರಕ್ಷಣೆ ದೊರೆತದ್ದುಂಟು: 2011ರಲ್ಲಿ ದೆಹಲಿಯ ಹೈಕೋರ್ಟು ರಾಜಕಾರಣಿ ಅರುಣ್ ಜೇಟ್ಲಿಯವರ ಹೆಸರಿನ ‘ಡಾಟ್ ಕಾಮ್’ ಅವರಿಗೇ ಸೇರಬೇಕೆಂದಿತು. ಆದರೆ ಅವರು ಪ್ರಸಿದ್ಧರು, ಸ್ವತಃ ದೊಡ್ಡ ವಕೀಲರು. ಸರಸ್ವತೀಪುರದ ಮೇಷ್ಟ್ರು ದೆಹಲಿಗೆ ಹೋಗುವುದೆಂತು?

ಗೆದ್ದರೂ ಹಣ್ಣಾಗಿಹೋಗುವ ದೃಷ್ಟಾಂತ ಅಮೆರಿಕಾದಲ್ಲಿದೆ. ಉಝಿ ನಿಸಾನ್ ಎಂಬವರು ಉತ್ತರ ಕೆರೋಲಿನಾದಲ್ಲಿ ಸಣ್ಣದೊಂದು ಗಣಕಯಂತ್ರದ ಅಂಗಡಿ ಇಟ್ಟಿದ್ದರು. ಮನೆತನದ ಹೆಸರು ನಿಸಾನ್. ಆದುದರಿಂದ 1994ರಲ್ಲಿ ‘ನಿಸಾನ್ ಡಾಟ್ ಕಾಮ್’ ಬರೆಸಿದರು. 1999ರಲ್ಲಿ ಜಪಾನಿನ ನಿಸಾನ್ ಮೋಟಾರು ಕಂಪೆನಿ ಅವರ ಮೇಲೆ ಮೊಕದ್ದಮೆ ಹೂಡಿ ಒಂದು ಕೋಟಿ ಡಾಲರುಗಳ ಪರಿಹಾರ ಕೇಳಿತು. ವರ್ಷಗಳ ಹೋರಾಟದ ಕೊನೆಗೆ ಹೆಸರು ಅವರಲ್ಲೇ ಉಳಿಯಿತು. ಆದರೆ ಜೀವನದ ಒಂದು ಭಾಗವನ್ನೇ ಅದಕ್ಕೆ ತೆತ್ತರು. 2020ರಲ್ಲಿ ಕೊರೋನಾ ಜಾಡ್ಯದಿಂದ ತೀರಿಕೊಂಡರು.

ಹೆಸರು ಕೈಗೆ ಬಂದ ಮೇಲೆ ತಾಣವನ್ನು ಕಟ್ಟುವುದು ಅಷ್ಟು ಕಷ್ಟವಲ್ಲ. ಬರಹಗಳನ್ನಿಡಲು ಯಾವುದಾದರೂ ಕಂಪೆನಿಯ ಯಂತ್ರದಲ್ಲಿ ಸ್ವಲ್ಪ ಜಾಗ ಬೇಕು. ಅದನ್ನು ‘ಹೋಸ್ಟಿಂಗ್’ ಎನ್ನುತ್ತಾರೆ. ಆ ಯಂತ್ರದ ಸಂಖ್ಯೆಯನ್ನು ರಿಜಿಸ್ಟ್ರಾರರ ಖಾತೆಯಲ್ಲಿ ಹೆಸರಿನ ಮುಂದೆ ಬರೆಯಬೇಕು. ಬದಲಾವಣೆ ಎಲ್ಲ ಕಡೆಗೂ ತಿಳಿಯಲು ಕೆಲವು ನಿಮಿಷವೋ ಒಂದೆರಡು ದಿನವೋ ಹಿಡಿಯಬಹುದು, ಗಾಬರಿ ಬೇಡ. ಸುರಕ್ಷತೆಯ ಪ್ರಮಾಣಪತ್ರಕ್ಕೆ ಹಿಂದೆ ಹಣ ತೆರಬೇಕಾಗಿತ್ತು. ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆ 2015ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ. ಬರಿಯ ಬರಹ ಚಿತ್ರಗಳ ತಾಣಕ್ಕೆ ದೊಡ್ಡ ಯಂತ್ರಸಾಮಗ್ರಿ ಬೇಕಿಲ್ಲ. ಸರಳವಾದಷ್ಟೂ ಬಾಳಿಕೆ ಹೆಚ್ಚು.

ಹೆಸರು ಮತ್ತು ಜಾಗಗಳನ್ನು ಬೇರೆ ಬೇರೆ ಕಡೆ ಪಡೆದರೆ ಒಂದು ಅನುಕೂಲವುಂಟು. ಜಾಗ ಕೊಟ್ಟವರೊಡನೆ ಮನಸ್ತಾಪವಾದರೆ ಬರಹಗಳನ್ನು ಗಂಟು ಕಟ್ಟಿಕೊಂಡು ಬೇರೆಡೆಗೆ ಹೋಗಬಹುದು. ಹೆಸರು ಅದೇ ಇರುತ್ತದೆ. ಓದುವವರಿಗೆ ಮನೆ ಬದಲಾಯಿಸಿದ್ದೇ ತಿಳಿಯುವುದಿಲ್ಲ. ಉಚಿತವಾಗಿ ಸಿಗುವ ಜಾಗಗಳಲ್ಲಿ ಈ ಸ್ವಾತಂತ್ರ್ಯ ಸಾಮಾನ್ಯವಾಗಿ ಇರುವುದಿಲ್ಲ. 1994ರಲ್ಲಿ ಆರಂಭವಾದ ‘ಜಿಯೋಸಿಟೀಸ್’ ಎಂಬಲ್ಲಿ ಕೋಟ್ಯಂತರ ಪುಟಗಳನ್ನು ಸಾಮಾನ್ಯ ಜನ ಪ್ರೀತಿಯಿಂದ ಕಟ್ಟಿದ್ದರು. 1999ರಲ್ಲಿ ಯಾಹೂ ಕಂಪೆನಿ ಅದನ್ನು ಕೊಂಡಿತು. 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕೆಲವರು ಸ್ವಯಂಸೇವಕರು ಓಡಾಡಿ ಪ್ರತಿ ಮಾಡಿಟ್ಟಷ್ಟು ಉಳಿಯಿತು.

ಕನ್ನಡದವರಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಬೇಕು. ಕನ್ನಡದ ಮೊದಲ ಜಾಲತಾಣವೆಂದು ಹೆಸರಾದ ‘ವಿಶ್ವಕನ್ನಡ’ವನ್ನು ಡಾ. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದರು. ಆ ಕಾಲದಲ್ಲಿ ಯೂನಿಕೋಡ್ ಎಂಬ ಸಮಾನ ಸಂಕೇತ ಕಾಗದದ ಮೇಲೆ ಇದ್ದಿತಾದರೂ ಮನೆಯ ಗಣಕಯಂತ್ರಗಳಲ್ಲಿ ಇರಲಿಲ್ಲ. ಒಂದೊಂದು ಸಂಸ್ಥೆಯದು ಒಂದೊಂದು ಅಕ್ಷರವಿನ್ಯಾಸ. ಆ ಅಕ್ಷರವನ್ನೇ ಇಳಿಸಿಕೊಳ್ಳದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಅಂದು ಟೈಪು ಮಾಡಿಟ್ಟ ಕಥೆ ಕವಿತೆಗಳು ಎಷ್ಟೋ ಮನೆಗಳ ಹಳೆಯ ಡಿಸ್ಕುಗಳಲ್ಲಿ ಈಗಲೂ ಹಾಗೆಯೇ ಬಿದ್ದಿವೆ. ಅವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ, ಆ ಮೇಲೆ ತಾಣಕ್ಕೆ ಹಾಕಬೇಕು. ಪುಟದ ಚಿತ್ರವನ್ನು ತೆಗೆದು ಹಾಕುವುದು ಸುಲಭ; ಆದರೆ ಅಂಥ ಬರಹ ಹುಡುಕುವವರಿಗೆ ಸುಲಭವಾಗಿ ಸಿಗುವುದಿಲ್ಲ.

ಅವಧಿ ಮುಗಿದರೆ ಏನಾಗುವುದೆಂಬುದನ್ನು ತಿಳಿದಿರುವುದು ಒಳ್ಳೆಯದು. ‘ಡಾಟ್ ಕಾಮ್’ ಹೆಸರಿಗೆ ಮೊದಲು 45 ದಿನಗಳವರೆಗೆ ದಯೆಯ ಅವಧಿಯನ್ನು ರಿಜಿಸ್ಟ್ರಾರರು ಕೊಡಬಹುದು, ಕೊಡಲೇಬೇಕೆಂದಿಲ್ಲ. ಅಳಿಸಿದ ಮೇಲೆ 30 ದಿನ ಬಿಡಿಸಿಕೊಳ್ಳುವ ಅವಕಾಶ. ಆಗ ಅಡವಿಟ್ಟ ಒಡವೆಯಂತೆ ದಂಡ ಸೇರಿಸಿ ಬಿಡಿಸಿಕೊಳ್ಳಬೇಕು. ಅನಂತರ 5 ದಿನ ಯಾರಿಗೂ ಇಲ್ಲ. ಆ ಮೇಲೆ ಹೆಸರು ಬೀದಿಗೆ ಬೀಳುತ್ತದೆ. ‘ಡಾಟ್ ಇನ್’ ನಿಯಮಗಳನ್ನು ಆಯಾ ರಿಜಿಸ್ಟ್ರಾರರಿಂದ ಮೊದಲೇ ಕೇಳಿಕೊಳ್ಳಬೇಕು. ‘ನಿಮ್ಮ ಅವಧಿ ಮುಗಿಯುತ್ತಿದೆ, ಕೂಡಲೆ ಹಣ ಕಳುಹಿಸಿ’ ಎಂದು ಸಂಬಂಧವೇ ಇಲ್ಲದವರು ಬರೆಯುವ ಪತ್ರಗಳೂ ಬರುತ್ತವೆ. ಅಂಥ ಪತ್ರದ ಕೊಂಡಿಯನ್ನು ಒತ್ತದೆ, ತಾವು ಬರೆಸಿದ ರಿಜಿಸ್ಟ್ರಾರರ ತಾಣಕ್ಕೇ ಹೋಗಿ ನೋಡಿದರೆ ನಿಜ ತಿಳಿಯುತ್ತದೆ.

ಕೊನೆಯದಾಗಿ, ಮನೆಗಳಲ್ಲಿ ಆಡಲು ಹಿಂಜರಿಯುವ ಮಾತೊಂದಿದೆ. ಬ್ಯಾಂಕಿನ ಖಾತೆಗೆ ನಾಮಿನಿ ಎಂಬ ಅಂಕಣವಿರುತ್ತದೆ. ಡೊಮೇನ್ ಹೆಸರಿನ ಅರ್ಜಿಯಲ್ಲಿ ಸಾಮಾನ್ಯವಾಗಿ ಅಂಥ ಅಂಕಣವಿಲ್ಲ. ಒಡೆಯರು ತೀರಿಕೊಂಡರೆ ಮನೆಯವರು ಮರಣ ಪ್ರಮಾಣಪತ್ರ, ವಾರಸಿಕೆಯ ಕಾಗದಗಳನ್ನು ಹಿಡಿದು ರಿಜಿಸ್ಟ್ರಾರರೊಡನೆ ಪತ್ರವ್ಯವಹಾರ ನಡೆಸಬೇಕು. ಅದಕ್ಕೂ ಮೊದಲು ರಿಜಿಸ್ಟ್ರಾರರು ಯಾರೆಂಬುದೇ ಅವರಿಗೆ ತಿಳಿದಿರಬೇಕಷ್ಟೆ. ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಆದುದರಿಂದ ವಿಮೆಯ ಪತ್ರ, ಮನೆಕಂದಾಯದ ರಸೀತಿಗಳಿರುವ ಪೆಟ್ಟಿಗೆಯಲ್ಲಿ ಒಂದು ಹಾಳೆ ಇರಲಿ: ಹೆಸರು, ರಿಜಿಸ್ಟ್ರಾರರು, ಖಾತೆಯ ಮಿಂಚಂಚೆ, ಅವಧಿ ಮುಗಿಯುವ ದಿನ, ಬರಹಗಳ ಪ್ರತಿ ಇರುವ ಜಾಗ. ಗುಪ್ತಪದವನ್ನು ಮಾತ್ರ ಅದೇ ಹಾಳೆಯಲ್ಲಿ ಬರೆಯದೆ ಬೇರೆ ಲಕೋಟೆಯಲ್ಲಿ ಮುಚ್ಚಿಟ್ಟು, ಆ ಲಕೋಟೆ ಎಲ್ಲಿದೆಯೆಂದು ಮಗನಿಗೋ ಮಗಳಿಗೋ ಹೇಳಿರಬೇಕು. ಮೇಷ್ಟ್ರ ಮನೆಯಲ್ಲಾದರೆ ಮೊಮ್ಮಗಳಿಗೆ ಹೇಳುವುದೇ ವಾಸಿ. ಮನೆಮಂದಿಯಲ್ಲಿ ಅವನ್ನೆಲ್ಲ ಓದುತ್ತಿದ್ದವಳು ಅವಳೊಬ್ಬಳೇ.